ಬಿಲ್‌ನಲ್ಲಿ ಹಿಡಿದ 1 ಪರ್ಸೆಂಟ್ ವಾಪಸ್ ಬರುತ್ತೆ: ತುಂಡು ಗುತ್ತಿಗೆದಾರರು ಓದಲೇಬೇಕು

ಕೂಡ್ಲಿಗಿ: ಪೇಂಟಿಂಗ್, ವೈರಿಂಗ್, ಸೆಂಟ್ರಿಂಗ್ ಅಂತ ಸ್ವಂತವಾಗಿ ಕೆಲಸ ಹಿಡಿಯೋರು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಊರಿಗೆ ಹತ್ತು ಜನ ಸಿಗ್ತಾರೆ. ಮನೆ ಕಟ್ಟಿಸೋರು ಪೂರ್ತಿ ದುಡ್ಡು ಕೊಡ್ತಾರೆ. ಸರ್ಕಾರಿ ಕಚೇರಿ ಅಥವಾ ಕಂಪನಿ ಕೆಲಸವಾದ್ರೆ 1 ಲಕ್ಷದ ಬಿಲ್‌ಗೆ 99 ಸಾವಿರ ಬರುತ್ತೆ. ಉಳಿದ 1 ಸಾವಿರ ಟಿಡಿಎಸ್, ನಿಮ್ಮ ಪ್ಯಾನ್ ಹೆಸರಲ್ಲೇ ಜಮಾ ಆಗಿರುತ್ತೆ. ಪ್ಯಾನ್ ಕೊಡದಿದ್ರೆ ಹಿಡಿಯೋದು 20 ಪರ್ಸೆಂಟ್!

ಅದನ್ನ ವಾಪಸ್ ತಗೊಳ್ಳೋಕೆ ಐಟಿಆರ್-4 ಹಾಕಬೇಕು. ವ್ಯವಹಾರ 2 ಕೋಟಿ ಒಳಗಿದ್ರೆ ಲೆಕ್ಕದ ಪುಸ್ತಕ ಬೇಕಿಲ್ಲ. ಬ್ಯಾಂಕ್ ಅಥವಾ ಯುಪಿಐನಲ್ಲಿ ಬಂದ ಹಣದ 6 ಪರ್ಸೆಂಟ್, ನಗದಾಗಿ ಬಂದಿದ್ದರ 8 ಪರ್ಸೆಂಟ್ ಲಾಭ ಅಂತ ತೋರಿಸಿದ್ರೆ ಸಾಕು. ನಿಜವಾದ ಲಾಭ ಹೆಚ್ಚಿದ್ರೆ ಹೆಚ್ಚೇ ತೋರಿಸಬೇಕು. ವರ್ಷಕ್ಕೆ 5 ಲಕ್ಷ ಬ್ಯಾಂಕಿಗೆ ಬಂದ್ರೆ ಕನಿಷ್ಠ ಆದಾಯ 30 ಸಾವಿರ. ಬೇರೆ ಆದಾಯ ಇಲ್ಲದಿದ್ರೆ ತೆರಿಗೆ ಸೊನ್ನೆ, ಹಿಡಿದ 5 ಸಾವಿರ ಪೂರ್ತಿ ವಾಪಸ್. ಅದಕ್ಕೇ ನಗದು ಬೇಡ, ಖಾತೆಗೇ ಹಾಕಿಸಿಕೊಳ್ಳಿ.

ಎಂಜಿನಿಯರ್, ವಕೀಲರ ಲೆಕ್ಕ ಬೇರೆ. ಅವರಿಗೆ ಹಿಡಿಯೋದು 10 ಪರ್ಸೆಂಟ್, ಬಂದಿದ್ದರಲ್ಲಿ ಅರ್ಧ ಆದಾಯ ಅಂತ ತೋರಿಸಬೇಕು. ಬಿಲ್‌ನಲ್ಲಿ ‘ಕನ್ಸಲ್ಟೆನ್ಸಿ’ ಅಂತ ಬರೆಸಿಕೊಂಡ್ರೆ ಪೇಂಟರ್‌ಗೂ 10 ಪರ್ಸೆಂಟ್ ಹಿಡಿದಾರು, ‘ಕಾಮಗಾರಿ’ ಅಂತಲೇ ಇರಲಿ. ನನಗೂ ಒಂದು ಕಡೆ ಸುದ್ದಿ ದುಡ್ಡಲ್ಲಿ 10 ಪರ್ಸೆಂಟ್ ಹಿಡಿದಿದ್ರು, ಸಣ್ಣ ಮೊತ್ತ ಬಿಡು ಅಂತ ರಿಟರ್ನ್ ಹಾಕಲಿಲ್ಲ. ಹೋಯ್ತು.

ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟಿದ್ಮೇಲೆ ಕಡ್ಡಾಯ. ಪ್ಯಾನ್‌ಗೆ ಆಧಾರ್ ಲಿಂಕ್ ಆಗಿದೆಯಾ ಅಂತ ಇವತ್ತೇ ನೋಡ್ಕೊಳ್ಳಿ.