ಆರು ಗಜದ ಪ್ರಾಣಿ

ಬೆಟಗೇರಿಯ ಮಗ್ಗದಿಂದ ಇಳಿದ ಆರು ಗಜದ ಸೀರೆಯ ಮಡಿಕೆ ಬಿಚ್ಚಿ, ಮಾಳಿಗೆ ಮೇಲಿಂದ ಉದ್ದಕ್ಕೆ ಇಳಿಬಿಡಿ. ಸೆರಗು ನೆಲ ಮುಟ್ಟಿದಾಗ ಮೇಲಿನ ತುದಿ ಎಲ್ಲಿರುತ್ತದೋ, ಬಲಿತ ಗಂಡು ಜಿರಾಫೆಯ ನೆತ್ತಿ ಅಲ್ಲಿರುತ್ತದೆ. ಸುಮಾರು 5.5 ಮೀಟರ್! ಹೆಣ್ಣು ಅದಕ್ಕಿಂತ ಒಂದು ಮೀಟರಿನಷ್ಟು ಗಿಡ್ಡ.

1892ರಲ್ಲಿ ಶುರುವಾದ ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೆ ಶಾಲೆಯ ಪ್ರವಾಸ ಹೋದ ಮಕ್ಕಳು ಜಿರಾಫೆಯ ಕುತ್ತಿಗೆ ನೋಡಿ ಬಾಯಿ ತೆರೆದು ನಿಲ್ಲುತ್ತಾರೆ. ಅಷ್ಟುದ್ದದ ಕುತ್ತಿಗೆಯೊಳಗೆ ಎಲುಬು ಎಷ್ಟು? ಏಳೇ. ನಮ್ಮ ಕುತ್ತಿಗೆಯಲ್ಲೂ ಏಳು, ಕಪ್ಪತಗುಡ್ಡದ ಅಡಿಯಲ್ಲಿ ಹಿಂಗಾಲ ಮೇಲೆ ನಿಂತು ಜಾಲಿ ಸೊಪ್ಪು ತಿನ್ನುವ ಆಡಿನ ಕುತ್ತಿಗೆಯಲ್ಲೂ ಏಳು. ಜಿರಾಫೆಯದು ಒಂದೊಂದೂ ಗೇಣಿಗಿಂತ ಉದ್ದ, ಅಷ್ಟೇ ವ್ಯತ್ಯಾಸ. ಆಡಿನ ಹಾಗೆ ಇದೂ ಮೆಲುಕು ಹಾಕುವ ಪ್ರಾಣಿ. ಇದಕ್ಕೂ ಮೇಲ್ದವಡೆಯ ಮುಂದಿನ ಹಲ್ಲಿಲ್ಲ. ಆಫ್ರಿಕಾದಲ್ಲಿ ಇದರ ಮುಖ್ಯ ಮೇವೂ ಜಾಲಿಯ ಜಾತಿಯ ಮರಗಳೇ. ಒಂದೂವರೆ ಅಡಿಯ ಕಪ್ಪು-ನೇರಳೆ ನಾಲಿಗೆಯನ್ನು ಮುಳ್ಳುಗಳ ಸಂದಿಗೆ ತೂರಿಸಿ, ಎಲೆಗೆ ಸುತ್ತಿ ಎಳೆದುಕೊಳ್ಳುತ್ತದೆ.

ನನ್ನನ್ನು ಕೇಳಿದರೆ, ಜಿರಾಫೆಯನ್ನು ತಲೆ ಎತ್ತಿ ನಿಂತಾಗಿನದಕ್ಕಿಂತ ನೀರಿಗೆ ಬಗ್ಗಿದಾಗ ನೋಡಬೇಕು. ಕಾಲುಗಳೂ ಅಷ್ಟೇ ಉದ್ದವಿರುವುದರಿಂದ ಕುತ್ತಿಗೆ ನೇರವಾಗಿ ನೆಲಕ್ಕೆ ಎಟುಕುವುದಿಲ್ಲ. ಮುಂಗಾಲುಗಳನ್ನು ಸ್ವಲ್ಪಸ್ವಲ್ಪವೇ ಅಗಲಿಸುತ್ತ, ತಡೆದು ತಡೆದು ಬಗ್ಗುತ್ತದೆ. ಆಗ ಅದರ ಮೈಯೊಳಗೆ ನಡೆಯುವ ಕೆಲಸ ದೊಡ್ಡದು. ಸಂಪಿನ ನೀರನ್ನು ಮಾಳಿಗೆಯ ಟಾಕಿಗೆ ಏರಿಸಲು ಮೋಟಾರಿಗೆ ಕಸುವು ಬೇಕಲ್ಲ, ಹಾಗೆಯೇ ಎದೆಯಿಂದ ಸುಮಾರು ಎರಡು ಮೀಟರ್ ಮೇಲಿರುವ ಮಿದುಳಿಗೆ ರಕ್ತ ತಳ್ಳಲು ಹತ್ತು ಕಿಲೋಗೂ ಮಿಕ್ಕಿ ತೂಗುವ, ದಪ್ಪ ಗೋಡೆಯ ಹೃದಯವಿದೆ. ಅದರ ರಕ್ತದೊತ್ತಡ ಮನುಷ್ಯರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ತಲೆ ಕೆಳಗಾದ ಕೂಡಲೇ ಆ ಒತ್ತಡವೆಲ್ಲ ಮಿದುಳಿಗೆ ನುಗ್ಗಿದರೆ ಗತಿಯೇನು? ಮಿದುಳಿನ ಬುಡದಲ್ಲಿ ಸಣ್ಣ ರಕ್ತನಾಳಗಳ ಬಲೆಯೊಂದಿದ್ದು ಆ ರಭಸವನ್ನು ತಗ್ಗಿಸುತ್ತದೆ. ಕುತ್ತಿಗೆಯ ದೊಡ್ಡ ನಾಳದೊಳಗಿನ ಕವಾಟಗಳು ಮುಚ್ಚಿಕೊಂಡು, ರಕ್ತ ತಲೆಯತ್ತ ಹಿಂದಿರುಗದಂತೆ ತಡೆಯುತ್ತವೆ.

ಕಾಲಿನದು ಇನ್ನೊಂದು ಬಗೆ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಸಂಜೆ ಹೊತ್ತಿಗೆ ಪಾದ ಬಾಯುವುದು ಗೊತ್ತಿದ್ದದ್ದೇ. ಬದುಕಿನ ಬಹುಪಾಲು ನಿಂತೇ ಕಳೆಯುವ, ಟನ್ನಿಗೂ ಮಿಕ್ಕಿ ತೂಗುವ ಜಿರಾಫೆಯ ಕಾಲು ಬಾಯುವುದಿಲ್ಲ. ಅದರ ಕಾಲಿನ ಚರ್ಮ ಅಷ್ಟು ದಪ್ಪ, ಅಷ್ಟು ಬಿಗಿ. ವೈದ್ಯರು ಕಾಲಿನ ನರ ಉಬ್ಬಿದವರಿಗೆ ಹಾಕಿಸುವ ಬಿಗಿ ಕಾಲುಚೀಲದ ಹಾಗೆ ಅದು ಒಳಗಿನಿಂದ ದ್ರವ ಇಳಿದು ನಿಲ್ಲಲು ಬಿಡುವುದಿಲ್ಲ.

ಇನ್ನು ಮೈಮೇಲಿನ ಮಚ್ಚೆ. ಸೀರೆಯ ಬುಟ್ಟಾ ಒಂದರ ಹಾಗೆ ಇನ್ನೊಂದು ಬರಬೇಕು, ನೇಕಾರರ ಜಾಣ್ಮೆ ಅದರಲ್ಲಿದೆ. ಜಿರಾಫೆಯಲ್ಲಿ ಒಂದರ ವಿನ್ಯಾಸ ಮತ್ತೊಂದಕ್ಕೆ ಬರುವುದೇ ಇಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಒಂದೊಂದು ಮಚ್ಚೆಯ ಕೆಳಗೂ ರಕ್ತನಾಳಗಳ ಜಾಲವಿದೆ. ಮೈಯ ಶಾಖವನ್ನು ಹೊರಹಾಕಲು ಅದು ನೆರವಾಗುತ್ತದೆಂದು ವಿಜ್ಞಾನಿಗಳ ಎಣಿಕೆ.

ತಾಯಿ ಸುಮಾರು ಹದಿನೈದು ತಿಂಗಳು ಗಬ್ಬದಲ್ಲಿ ಹೊತ್ತು, ನಿಂತುಕೊಂಡೇ ಈಯುತ್ತದೆ. ಕರು ಆಳೆತ್ತರದಿಂದ ನೆಲಕ್ಕೆ ಬೀಳುತ್ತದೆ, ತಾಸಿನೊಳಗೆ ತಡವರಿಸುತ್ತ ಎದ್ದು ನಿಲ್ಲುತ್ತದೆ. ಆಗಲೇ ಅದರ ಎತ್ತರ 1.8 ಮೀಟರ್, ಹಳೆಯ ಮಗ್ಗದ ಮನೆಯ ಬಾಗಿಲಿಗೆ ತಲೆ ತಾಗುವಷ್ಟು. ಚರ್ಮ ಹೊದ್ದ ಎರಡು ಪುಟ್ಟ ಕೋಡು ಹುಟ್ಟುವಾಗ ನೆತ್ತಿಗೆ ಅಂಟಿ ಮಲಗಿರುತ್ತವೆ. ಕೆಲವೇ ದಿನಗಳಲ್ಲಿ ಅವೂ ನೆಟ್ಟಗಾಗುತ್ತವೆ.