ಹತ್ತು ನಿಮಿಷದ ಬೆಲೆ ಇಪ್ಪತ್ತು ಗಂಟೆ

ಈ ಲೆಕ್ಕವನ್ನು ಒಮ್ಮೆ ನೀವೇ ಮಾಡಿ ನೋಡಿ! ರೇಸ್ ಟ್ರ್ಯಾಕಿನ ಒಂದು ಸುತ್ತಿಗೆ ಎರಡು ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ರೇಡಿಯೇಟರಿನ ಒಂದು ಹೋಸ್ ಪೈಪು ಸಡಿಲಾಗಿ ನಿಮ್ಮ ಗಾಡಿ ಹತ್ತು ನಿಮಿಷ ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕದ ರಿಪೇರಿ ಜಾಗದಲ್ಲಿ, ನಿಂತಿತು. ಕಳೆದದ್ದು ಐದೇ ಸುತ್ತು. ಅದನ್ನು ವೇಗದಿಂದಲೇ ವಸೂಲು ಮಾಡಲು ಹೊರಟರೆ? ಎದುರಾಳಿಗಿಂತ ಸುತ್ತಿಗೆ ಒಂದೊಂದು ಸೆಕೆಂಡು ಬೇಗ ಓಡಿಸುತ್ತ 600 ಸುತ್ತು ಹೋಗಬೇಕು. 600 ಸುತ್ತೆಂದರೆ ಇಪ್ಪತ್ತು ಗಂಟೆ! ಆ ಪೈಪಿನ ಒಂದು ಅಗ್ಗದ ಕ್ಲಿಪ್ಪು ಚಾಲಕನ ಇಪ್ಪತ್ತು ಗಂಟೆಯ ಜಾಣ್ಮೆಯನ್ನು ಪೂರ್ತಿ ನುಂಗಿಬಿಡುತ್ತದೆ.

ಗಂಟೆಗಟ್ಟಲೆ ಓಡುವ ಎಂಡ್ಯೂರೆನ್ಸ್ ರೇಸಿನ ಇಡೀ ಗುಟ್ಟು ಇಷ್ಟೇ. ಈ ಗುಟ್ಟು ಗೊತ್ತಾದ ಮೇಲೆ ಒಂದು ಸಾಮಾನ್ಯ ಪಿಕಪ್ ಗಾಡಿಯನ್ನು ನೋಡುವ ಕಣ್ಣೇ ಬದಲಾಗುತ್ತದೆ.

2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇ ಲ್ಯಾಮ್ ಎಂಬವರು ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ರೇಸ್ ಶುರುಮಾಡಿದರು. ಷರತ್ತು ಕೇಳಿ: ಗಾಡಿಗೆ 500 ಡಾಲರಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಆಗಿನ ದರದಲ್ಲಿ ಸುಮಾರು 22,500 ರೂಪಾಯಿ! ಲೆಕ್ಕ ಮೀರಿದೆ ಎಂದು ತೀರ್ಪುಗಾರರಿಗೆ ಅನ್ನಿಸಿದರೆ ಓಟ ಶುರುವಾಗುವ ಮೊದಲೇ ದಂಡದ ಸುತ್ತುಗಳು ಬೀಳುತ್ತವೆ. ಆದರೆ ಒಂದು ವಿನಾಯಿತಿ ಇದೆ, ಅದೇ ಈ ರೇಸಿನ ಹಿರಿಮೆ: ರೋಲ್ ಕೇಜ್, ಸೀಟು, ಬೆಲ್ಟು, ಬೆಂಕಿ ನಂದಿಸುವ ಸಾಧನ, ಬ್ರೇಕು, ಟೈರು ಇವ್ಯಾವುದೂ ಆ 500ರ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನ್ನಿಗೆ ಜಿಪುಣತನ ಮಾಡಿ, ಜೀವಕ್ಕೆ ಮಾಡಬೇಡಿ ಎಂಬ ನಿಯಮ. ಎಲ್ಲಕ್ಕಿಂತ ದೊಡ್ಡ ಬಹುಮಾನ ಮೊದಲು ಬಂದವರಿಗೆ ಸಿಗುವುದೂ ಇಲ್ಲ! ಅತಿ ಬಡಪಾಯಿ ಗಾಡಿಯಿಂದ ಅತಿ ಹೆಚ್ಚು ದುಡಿಸಿಕೊಂಡ ತಂಡಕ್ಕೆ ಅದು ಹೋಗುತ್ತದೆ.

ಇಂಥ ರೇಸಿಗೆ ಹಳೆಯ ಸಣ್ಣ ಪಿಕಪ್‌ಗಳೂ ಬರುತ್ತವೆ. ಫೋರ್ಡ್ ರೇಂಜರ್, ಶೆವರ್ಲೆ ಎಸ್-10 ಥರದ, ಗುಜರಿ ಸೇರಬೇಕಿದ್ದ ಗಾಡಿಗಳು. ಸಾಮಾನು ಹೊರುವುದಕ್ಕೆಂದೇ ಹುಟ್ಟಿದ ಗಾಡಿಯನ್ನು ತಿರುವುಗಳಲ್ಲಿ ಹಾಯಿಸಿ, ಹಗಲೂ ರಾತ್ರಿ ಓಡಿಸುವುದು!

ಈಗ ಮಂಗಳೂರಿನ ಕುಲಶೇಖರಕ್ಕೆ ಬನ್ನಿ. ಇಲ್ಲಿ ದಕ್ಷಿಣ ಕನ್ನಡ ಸಹಕಾರಿ ಹಾಲು ಒಕ್ಕೂಟದ ಡೇರಿ ಇದೆ. ಎರಡು ಜಿಲ್ಲೆಯ ಹಾಲಿನ ವ್ಯವಹಾರ ಈ ಒಕ್ಕೂಟದ್ದು. ಬೆಳಕು ಹರಿಯುವ ಮೊದಲೇ ಹಾಲಿನ ಗಾಡಿಗಳು ಹೊರಡಬೇಕು. ಆಟಿಯ ಮಳೆ ಎಷ್ಟೇ ಹೊಯ್ಯಲಿ, ಹಾಲು ತಡವಾಗುವಂತಿಲ್ಲ. ಎದುರಿಗೆ ವಾಮಂಜೂರು, ಗುರುಪುರ, ಮೂಡುಬಿದಿರೆ ದಾಟಿ ಕಾರ್ಕಳದತ್ತ ಏರುವ ರಾಷ್ಟ್ರೀಯ ಹೆದ್ದಾರಿ 169. ನಿಲ್ಲದೆ ಓಡುವುದು, ಸಮಯಕ್ಕೆ ಮುಟ್ಟುವುದು, ಕೆಟ್ಟರೆ ದಾರಿಯಲ್ಲೇ ಸರಿಮಾಡಿಕೊಂಡು ಹೊರಡುವುದು: ಎಂಡ್ಯೂರೆನ್ಸ್ ರೇಸಿನ ಪಾಠವೆಲ್ಲ ಈ ಗಾಡಿಗಳ ದಿನಚರಿಯಲ್ಲೇ ಉಂಟು! ಹಾಗಾದರೆ ಇಲ್ಲಿ ಓಡಿ ಸವೆದ ಒಂದು ಪಿಕಪ್ಪನ್ನೇ ಎತ್ತಿಕೊಂಡು ರೇಸಿಗೆ ಕಟ್ಟಿದರೆ ಏನೇನಾಗುತ್ತದೆ? ಒಂದೊಂದೇ ಬಿಚ್ಚಿ ನೋಡೋಣ.

ಮೊದಲು ಹಿಂದಿನ ಸ್ಪ್ರಿಂಗ್ ಪ್ಲೇಟುಗಳು. “ಲೋಡು ಇಲ್ಲದಿದ್ರೆ ಹಿಂದೆ ಹಾರ್ತದೆ ಮಾರಾಯ್ರೆ” ಎಂದು ಪಿಕಪ್ ಓಡಿಸುವವರು ಹೇಳುವುದು ಸುಮ್ಮನೆ ಅಲ್ಲ. ಟನ್ನಿಗೂ ಮೀರಿದ ಭಾರಕ್ಕೆಂದು ಜೋಡಿಸಿದ ಪ್ಲೇಟುಗಳು ಖಾಲಿ ಗಾಡಿಗೆ ಬಗ್ಗುವುದೇ ಇಲ್ಲ. ಟೈರು ನೆಲ ಬಿಡುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತವಿಲ್ಲ. ಪರಿಹಾರ? ಪ್ಲೇಟು ತೆಗೆಯುವುದು! ಒಂದೇ ದಪ್ಪದ ಆರು ಪ್ಲೇಟಿನಲ್ಲಿ ಮೂರು ತೆಗೆದರೆ ಬಿಗಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇನ್ನೂ ಬೆರಗಿನ ಸಂಗತಿ ದಪ್ಪದ್ದು: ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಂಟು ಮಿಲಿಮೀಟರಿನ ಪ್ಲೇಟಿನ ಜಾಗಕ್ಕೆ ಆರು ಮಿಲಿಮೀಟರಿನದು ಹಾಕಿ, ಬಿಗಿ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ! ಎರಡೇ ಮಿಲಿಮೀಟರಿನ ವ್ಯತ್ಯಾಸಕ್ಕೆ ಗಾಡಿಯ ಗುಣವೇ ಬೇರೆ. ಖರ್ಚೋ, ತೆಗೆದ ಪ್ಲೇಟುಗಳನ್ನು ಗುಜರಿಗೆ ಹಾಕಿದರೆ ಕೈಗೇ ನಾಲ್ಕು ಕಾಸು ಬರುತ್ತದೆ.

ಪ್ಲೇಟು ಮೆತ್ತಗಾದ ಕೂಡಲೇ ಇನ್ನೊಂದು ಸಮಸ್ಯೆ ತಲೆಯೆತ್ತುತ್ತದೆ. ಜೋರಾಗಿ ಬ್ರೇಕು ಹಾಕಿದಾಗ, ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಾನೇ ತಿರುಚಿಕೊಳ್ಳಲು ನೋಡುತ್ತದೆ. ಪ್ಲೇಟು ಎರಡು ಕಡೆ ಬಾಗಿ ವಕ್ರವಾಗುತ್ತದೆ, ಚಕ್ರ ಕುಪ್ಪಳಿಸುತ್ತದೆ. ಇದಕ್ಕೆ ಆಕ್ಸಲಿನಿಂದ ಚಾಸಿಗೆ ಒಂದು ಗಟ್ಟಿ ರಾಡು ಕೊಡಬೇಕು. ಆಕ್ಸಲ್ ಅಡ್ಡಕ್ಕೆ ಜಾರದಂತೆ ಮತ್ತೊಂದು ಅಡ್ಡ ರಾಡು. ಲೇತಿನ ಕೆಲಸ, ವೆಲ್ಡಿಂಗ್ ಕೆಲಸ, ಅಳತೆಯ ಕೆಲಸ. ವಿದೇಶದಿಂದ ತರಿಸಬೇಕಾದ್ದು ಒಂದೂ ಇಲ್ಲ!

ಇನ್ನು ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಭಾಗ. ಅನೇಕ ಪಿಕಪ್‌ಗಳ ಹಿಂಬದಿಯಲ್ಲಿ, ಚಾಸಿಗೂ ಆಕ್ಸಲಿಗೂ ನಡುವೆ, ಒಂದು ಸಣ್ಣ ವಾಲ್ವ್ ಕೂತಿರುತ್ತದೆ. ಗ್ಯಾರೇಜಿನವರು ಎಲ್‌ಎಸ್‌ಪಿವಿ ಎನ್ನುತ್ತಾರೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಒಂದು ಕಡ್ಡಿ. ಲೋಡು ಬಿದ್ದು ಚಾಸಿ ಕೆಳಗೆ ಕುಸಿದರೆ ಆ ಕಡ್ಡಿ ಸರಿದು ವಾಲ್ವಿಗೆ ತಿಳಿಸುತ್ತದೆ. ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಾದರೆ ಕಡಿಮೆ ಮಾಡುತ್ತದೆ. ಈಗ ಯೋಚಿಸಿ: ರೇಸಿಗೆಂದು ಪ್ಲೇಟು ತೆಗೆದು ನಾವು ಗಾಡಿಯನ್ನು ತಗ್ಗಿಸಿದೆವು. ಪಾಪ, ಆ ವಾಲ್ವಿಗೆ ಗಾಡಿ ತುಂಬಿದೆ ಎಂದೇ ಅನ್ನಿಸುತ್ತದೆ! ಖಾಲಿ ಬೆನ್ನಿನ ಗಾಡಿಗೆ ಪೂರ್ತಿ ಹಿಂಬ್ರೇಕು ಕೊಡುತ್ತದೆ, ಹಿಂಚಕ್ರ ಲಾಕ್ ಆಗುತ್ತದೆ, ಮೊದಲ ತಿರುವಿನಲ್ಲೇ ಗಾಡಿ ಗಿರಕಿ ಹೊಡೆಯುತ್ತದೆ. ಕಡ್ಡಿಯ ಉದ್ದವನ್ನು ಹೊಸ ಎತ್ತರಕ್ಕೆ ಸರಿಹೊಂದಿಸಿ, ನಿಧಾನ ವೇಗದಲ್ಲಿ ಪರೀಕ್ಷಿಸುತ್ತ ಬಂದರೆ ಮುಗಿಯಿತು. ಪೈಸೆ ಖರ್ಚಿಲ್ಲದ ಕೆಲಸ. ಬೇಕಾದದ್ದು ಆ ಕಡ್ಡಿ ಯಾಕಿದೆ ಎಂಬ ಅರಿವು ಮಾತ್ರ.

ಬ್ರೇಕಿನ ಮಾತು ಬಂತು, ಶಾಖದ ಲೆಕ್ಕವನ್ನೂ ಕೇಳಿಬಿಡಿ. ಒಂದೂವರೆ ಟನ್ನಿನ ಗಾಡಿ ಗಂಟೆಗೆ 120 ಕಿಲೋಮೀಟರಿನಿಂದ 60ಕ್ಕೆ ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು 625 ಕಿಲೋಜೂಲ್. ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು! ಒಂದೇ ತಿರುವಿನ ಒಂದೇ ಬ್ರೇಕಿಗೆ! ಚೆನ್ನೈ ಬಳಿಯ ಶ್ರೀಪೆರಂಬದೂರಿನ ಟ್ರ್ಯಾಕಿನ ಒಂದು ಸುತ್ತಿನಲ್ಲಿ 12 ತಿರುವುಗಳಿವೆ, ಉದ್ದ 3.7 ಕಿಲೋಮೀಟರ್. ಎಲ್ಲ ತಿರುವಿಗೂ ಇಷ್ಟು ಬ್ರೇಕು ಬೇಡ ಎಂದರೂ, ಗಂಟೆಗಟ್ಟಲೆ ಓಡಿದಾಗ ಡಿಸ್ಕಿನ ಗತಿಯೇನು? ಮುಂದಿನ ಬಂಪರಿನಿಂದ ಡಿಸ್ಕಿಗೆ ಗಾಳಿ ಹೋಗಲು ಒಂದು ದಪ್ಪ ಪೈಪು ಎಳೆದರೆ ಬ್ರೇಕಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ.

ನಮ್ಮ ಕರಾವಳಿಯವರು ಮುಖ್ಯವಾಗಿ ತಿಳಿಯಬೇಕಾದ್ದು ಬ್ರೇಕ್ ಆಯಿಲಿನ ಸ್ವಭಾವ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದದ್ದಕ್ಕೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಪೈಪಿನೊಳಗೆ ಆವಿ ತುಂಬಿ ಪೆಡಲು ನೆಲಕ್ಕೆ ಹೋಗುತ್ತದೆ. ಮಂಗಳೂರಿನ ತೇವದಲ್ಲಿ ಒಂದು ಮಳೆಗಾಲ ಕಳೆದ ಹಳೆಯ ಆಯಿಲನ್ನು ಹಾಕಿಕೊಂಡು ರೇಸಿಗೆ ಹೋಗುವುದೆಂದರೆ ಆಪತ್ತನ್ನು ಕರೆದಂತೆ. ಸೀಲು ಒಡೆಯದ ಹೊಸ ಡಬ್ಬಿಯನ್ನು ತಂದು ಹಳೆಯದನ್ನು ಪೂರ್ತಿ ತೆಗೆದು ತುಂಬುವುದು ಇಡೀ ಗಾಡಿಯ ಅತಿ ಅಗ್ಗದ, ಅತಿ ಬೆಲೆಬಾಳುವ ಕೆಲಸ!

ಎಂಜಿನ್ನಿನ ಒಳಗೂ ಒಂದು ಅದ್ಭುತ ನಡೆಯುತ್ತಿರುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲಿನ ಪದರ ಮಾತ್ರ. ಉದ್ದನೆಯ ತಿರುವಿನಲ್ಲಿ ಎಂಜಿನ್ ತಳದ ಸಂಪಿನ ಆಯಿಲೆಲ್ಲ ಒಂದು ಬದಿಗೆ ಸರಿದರೆ ಪಂಪು ಗಾಳಿ ಹೀರುತ್ತದೆ, ಆ ಪದರ ಹರಿಯುತ್ತದೆ, ಬೇರಿಂಗ್ ಸುಟ್ಟುಹೋಗುತ್ತದೆ. ಸಂಪಿನೊಳಗೆ ಅಡ್ಡ ತಗಡುಗಳನ್ನು ವೆಲ್ಡ್ ಮಾಡಿ ಆಯಿಲು ಓಡಿಹೋಗದಂತೆ ತಡೆದರೆ ಎಂಜಿನ್ ಉಳಿಯುತ್ತದೆ. ತಗಡಿನ ನಾಲ್ಕು ತುಂಡುಗಳ ಕೃಪೆ!

ನಮ್ಮ ಪಿಕಪ್‌ಗಳು ಬಹುತೇಕ ಡೀಸೆಲ್ ತಾನೇ, ರೇಸಿಗೆ ಆದೀತೇ ಎಂದು ಅನುಮಾನವೇ? ಲೆಮನ್ಸ್ ಶುರುವಾದ ಅದೇ 2006ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸನ್ನು ಆಡಿ ಆರ್10 ಟಿಡಿಐ ಗೆದ್ದಿತು. 1923ರಲ್ಲಿ ಆರಂಭವಾದ ಆ ರೇಸನ್ನು ಡೀಸೆಲ್ ಗಾಡಿ ಗೆದ್ದದ್ದು ಅದೇ ಮೊದಲು! ಇಂಧನ ಕಡಿಮೆ ಕುಡಿಯುವ ಎಂಜಿನ್ ಪಿಟ್‌ಗೆ ಬರುವುದೂ ಕಡಿಮೆ. ಪಿಟ್‌ನಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಟ್ರ್ಯಾಕಿನಲ್ಲಿ ಎಷ್ಟು ಬೆಲೆ ಎಂಬುದನ್ನು ಆಗಲೇ ನೋಡಿದೆವಲ್ಲ.

ಹಿಂದಿನ ತೊಟ್ಟಿಯ ಬಾಗಿಲನ್ನು ತೆಗೆದುಬಿಟ್ಟರೆ ಗಾಳಿ ಸಲೀಸಾಗಿ ಹೋದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಗಾಳಿಯ ಸುರಂಗದ ಪರೀಕ್ಷೆಗಳು ಉಲ್ಟಾ ಹೇಳುತ್ತವೆ! ಬಾಗಿಲು ಮುಚ್ಚಿದ್ದರೆ ತೊಟ್ಟಿಯೊಳಗೆ ಗಾಳಿಯ ಒಂದು ಸುಳಿ ನಿಂತು, ಕ್ಯಾಬಿನ್ ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆ ನಯವಾಗಿ ಜಾರಿಹೋಗುತ್ತದೆ. ಕಾಣದ ಒಂದು ಮುಚ್ಚಳವನ್ನು ಗಾಳಿಯೇ ಕಟ್ಟಿಕೊಡುತ್ತದೆ. ಆ ಬಾಗಿಲನ್ನು ಹಾಗೇ ಬಿಟ್ಟು, ಬ್ಯಾಟರಿಯನ್ನು ಮುಂದಿನಿಂದ ಎತ್ತಿ ಹಿಂದಿನ ತೊಟ್ಟಿಯಲ್ಲಿ ಬಿಗಿದರೆ ಖಾಲಿ ಬೆನ್ನಿಗೆ ಒಂದಿಷ್ಟು ತೂಕವೂ ಸಿಕ್ಕಿತು.

ಕೊನೆಗೆ, ಗಾಡಿ ಮಗುಚಿದರೂ ಚಾಲಕನನ್ನು ಕಾಯುವ ರೋಲ್ ಕೇಜ್. ಇಲ್ಲಿ ಉಳಿತಾಯದ ಮಾತೇ ಇಲ್ಲ. ಅಳತೆಗೆ ತಕ್ಕ ಉಕ್ಕಿನ ಪೈಪು, ಪೂರ್ತಿ ಸುತ್ತಿದ ವೆಲ್ಡಿಂಗು, ಹಿಡಿತಕ್ಕೆ ಚಾಸಿ. ಪಿಕಪ್ಪಿನ ಏಣಿಯಂಥ ಚಾಸಿ ಇಲ್ಲಿ ವರವಾಗುತ್ತದೆ. ರಿಪೇರಿಗೂ ಪಿಕಪ್ ಸಲೀಸು: ಎಂಜಿನ್ನಿನ ಸುತ್ತ ಕೈ ಹೋಗುವಷ್ಟು ಜಾಗವಿದೆ, ಗೇರ್‌ಬಾಕ್ಸು ಕೆಳಗಿನಿಂದ ಇಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚಿನ ಬೆಳಕಿನಲ್ಲಿ ಕ್ಲಚ್ ಬದಲಿಸಬೇಕಾಗಿ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಹೀಗೆ ಕಟ್ಟಿದ ಗಾಡಿ ಮತ್ತೆ ರಸ್ತೆಗೆ ಇಳಿಯುವಂತಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನಿನಡಿ ಅಪರಾಧ. ಗಾಡಿಯನ್ನು ಲಾರಿಯ ಮೇಲೇರಿಸಿ ಟ್ರ್ಯಾಕಿಗೇ ಒಯ್ಯಬೇಕು.

ಇದೆಲ್ಲ ದೂರದ ಕನಸು ಅನ್ನುತ್ತೀರಾ? ನಮ್ಮ ನಾಡಿನ ಮೋಟಾರು ಕ್ರೀಡೆ ಬೆಳೆದದ್ದೇ ಅಗ್ಗದ ಸಾಮಾನಿನಿಂದ! 1980ರ ದಶಕದ ಕೊನೆಗೆ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ನನ್ನೇ ಹಾಕಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಎಂದು ಹೆಸರಾದ ಆ ಕಾರುಗಳಲ್ಲಿ ಕಲಿತ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದರು. ಹಿಮಾಲಯದ, ಮರುಭೂಮಿಯ ರ್‍ಯಾಲಿಗಳನ್ನು ವರ್ಷಗಟ್ಟಲೆ ಆಳಿದ ಮಾರುತಿ ಜಿಪ್ಸಿಯದ್ದೂ ಏಣಿ ಚಾಸಿ, ಪ್ಲೇಟು ಸ್ಪ್ರಿಂಗು, ಗಟ್ಟಿ ಆಕ್ಸಲ್, ಪಿಕಪ್ಪಿನದೇ ಮೈಕಟ್ಟು! ನಮ್ಮ ಪಕ್ಕದ ಕಾಸರಗೋಡಿನ ಮೂಸಾ ಷರೀಫ್ ನ್ಯಾವಿಗೇಟರ್ ಆಗಿ ದೇಶವಿದೇಶದ ರ್‍ಯಾಲಿಗಳಲ್ಲಿ ಕೂತವರು. 2007ರಿಂದ ನಡೆದುಬಂದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ಕಾಲೇಜು ಹುಡುಗರು ತಾವೇ ಕಟ್ಟಿದ ಬಗ್ಗಿಯನ್ನು ನಾಲ್ಕು ಗಂಟೆ ನಿಲ್ಲದೆ ಓಡಿಸಿ ತೋರಿಸಬೇಕು.

ಕುಲಶೇಖರದ ಸುತ್ತಲೇ ನೋಡಿ. ಮೇಲೆ ವಾಮಂಜೂರಿನಲ್ಲಿ ಸೇಂಟ್ ಜೋಸೆಫ್ ಇಂಜಿನಿಯರಿಂಗ್ ಕಾಲೇಜು, ಕದ್ರಿಯಲ್ಲಿ ಕೆಪಿಟಿ ಪಾಲಿಟೆಕ್ನಿಕ್, ಯೆಯ್ಯಾಡಿಯಲ್ಲಿ ಕೈಗಾರಿಕಾ ಪ್ರದೇಶ, ಸುರತ್ಕಲ್ಲಿನಲ್ಲಿ ಎನ್‌ಐಟಿಕೆ. ಘನದ ಸೂತ್ರ ಬಲ್ಲ ವಿದ್ಯಾರ್ಥಿ ಒಂದು ಕಡೆ, ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವ ಮೇಸ್ತ್ರಿ ಇನ್ನೊಂದು ಕಡೆ. ಒಂದು ಹಳೆಯ ಪಿಕಪ್ ಇವರಿಬ್ಬರನ್ನು ಒಂದೇ ಚಾಸಿಯ ಕೆಳಗೆ ಮಲಗಿಸಬಲ್ಲದು! ಮೇಸ್ತ್ರಿಗೆ ಗೊತ್ತಿರುವುದನ್ನು ವಿದ್ಯಾರ್ಥಿ ಅಳೆಯುತ್ತಾನೆ, ಅವನು ಅಳೆದದ್ದನ್ನು ಮೇಸ್ತ್ರಿ ಪರೀಕ್ಷಿಸುತ್ತಾನೆ. ಕೋಟಿ ರೂಪಾಯಿಯ ರೇಸ್ ಕಾರು ಇಂಥ ಶಾಲೆಯನ್ನು ತೆರೆಯಲಾರದು, ಏಕೆಂದರೆ ಅದರ ಬಾನೆಟ್ಟು ಎತ್ತುವ ಅಧಿಕಾರ ಕೆಲವರಿಗೆ ಮಾತ್ರ.

ಆದ್ದರಿಂದ ರೇಸಿಂಗಿನ ಹುಚ್ಚು ಹತ್ತಿದ ಹುಡುಗನೋ ಹುಡುಗಿಯೋ ಬಂದು, ಗಾಡಿ ಕಟ್ಟಲು ಎಷ್ಟು ಲಕ್ಷ ಬೇಕು ಎಂದು ಕೇಳಿದರೆ, ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಎಷ್ಟು ಗಂಟೆ ನಿಲ್ಲದೆ ಓಡುವ ಗಾಡಿ ಕಟ್ಟುತ್ತೀರಿ ಎಂದು ಕೇಳಿ. ಆಮೇಲೆ ಒಂದು ಸ್ಪಾನರ್ ಸೆಟ್ಟು ಕೈಗೆ ಕೊಟ್ಟು, ಹತ್ತಿರದ ಗ್ಯಾರೇಜಿನ ದಾರಿ ತೋರಿಸಿ.