“ಹುಡುಗಿಯದು ಯಾವ ಬಳಿ?”

ಉಳ್ಳೂರಿನಲ್ಲಿ ನಮಗೆ ಆತ್ಮೀಯರಾದ ಹೋಟೆಲು ಕೆಲಸಗಾರರೊಬ್ಬರಿದ್ದಾರೆ. ಕುಂದಾಪುರದ ಕಡೆಯವರು. ಬಾಲ್ಯದಲ್ಲಿಯೇ ಊರು ಬಿಟ್ಟು ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಕುಂದಾಪುರ ತಾಲೂಕಿನಲ್ಲಿಯೂ ಉಳ್ಳೂರು ಎಂಬ ಗ್ರಾಮವಿರುವುದರಿಂದ, “ನಾನು ಊರು ಬಿಟ್ಟೇ ಇಲ್ಲ” ಎಂದು ಅವರು ವಿನೋದವಾಡುವುದುಂಟು. ಆದರೆ ತಾವು ಊರಿನಿಂದ ಎಷ್ಟು ದೂರ ಬಂದಿರುವೆವೆಂಬುದು ಅವರಿಗೆ ತಿಳಿದದ್ದು ಮಗಳಿಗೆ ವಿವಾಹದ ಮಾತು ಬಂದಾಗ.

ವರನ ಸೋದರಮಾವ ದೂರವಾಣಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ “ಹುಡುಗಿಯದು ಯಾವ ಬಳಿ?” ಎಂಬುದು. ನಮ್ಮ ಮಿತ್ರರು ಉತ್ತರ ಕಾಣದೆ ಸುಮ್ಮನಾದರು. ತಮ್ಮ ಬಳಿ ಅವರಿಗೆ ಗೊತ್ತಿತ್ತು; ಮಗಳದು ಗೊತ್ತಿರಲಿಲ್ಲ. ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಬಳಿಯು ತಾಯಿಯಿಂದ ಮಕ್ಕಳಿಗೆ ಬರತಕ್ಕದ್ದು. ತುಳುವಿನಲ್ಲಿ ಅದನ್ನು ಬರಿ ಎನ್ನುವರು. ಒಂದೇ ಬಳಿಯ ಗಂಡುಹೆಣ್ಣುಗಳು ಒಡಹುಟ್ಟಿದವರಿಗೆ ಸಮಾನರಾದುದರಿಂದ ಅವರಲ್ಲಿ ವಿವಾಹ ನಡೆಯದು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಬಂದ ಮೇಲೆ ಆಸ್ತಿಯ ವಿಷಯದಲ್ಲಿ ಅಳಿಯಸಂತಾನದ ಬಿಗಿ ಸಡಿಲಿತಾದರೂ, ಮದುವೆಯ ಮಾತಿನಲ್ಲಿ ಬಳಿ ಹಾಗೆಯೇ ಉಳಿದಿದೆ. ಮಗುವಿನ ತಾಯಿಯಾದರೋ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಶಾಲೆಯ ದಾಖಲೆ, ಪಡಿತರ ಚೀಟಿ, ಆಧಾರ್ ಎಲ್ಲವನ್ನೂ ತೆಗೆದು ನೋಡಿದರೂ ತಂದೆಯ ಹೆಸರಿದೆಯೇ ಹೊರತು ತಾಯಿಯ ಬಳಿ ಎಲ್ಲಿಯೂ ಇಲ್ಲ.

ಈ ಪ್ರಸಂಗವನ್ನು ಕೇಳಿದಾಗ ನಮಗೆ ನೆನಪಾದುದು ಜಪಾನೀ ವಲಸಿಗರ ಕಥೆ. ೧೯೦೮ರಲ್ಲಿ ‘ಕಸಾತೊ ಮಾರು’ ಎಂಬ ಹಡಗು ಸುಮಾರು ಎಂಟುನೂರು ಜನರನ್ನು ಹೊತ್ತು ಕೋಬೆ ಬಂದರಿನಿಂದ ಬ್ರೆಜಿಲಿಗೆ ಹೋಯಿತು. ಕಾಫಿ ತೋಟದ ಕೂಲಿಗಾಗಿ ಹೋದವರು ಅವರು. ಅದಕ್ಕೂ ಮುಂಚೆ, ೧೮೬೮ರಲ್ಲಿಯೇ, ಹವಾಯಿ ದ್ವೀಪದ ಕಬ್ಬಿನ ಗದ್ದೆಗಳಿಗೆ ಹೋದವರಿದ್ದರು. ಇಂಥವರ ಮೊಮ್ಮಕ್ಕಳು, ಮರಿಮಕ್ಕಳು ಭಾಷೆಯನ್ನು ಮರೆತ ಮೇಲೆ ಅಜ್ಜನ ಮನೆತನದ ಲಾಂಛನವನ್ನು ಅರಸಿಕೊಂಡು ಜಪಾನಿಗೆ ಹೋಗುವುದುಂಟು. ಆ ಲಾಂಛನಕ್ಕೆ ‘ಕಾಮೊನ್’ ಎಂದು ಹೆಸರು. ಎಲೆ, ಹೂವು, ಹಕ್ಕಿ ಮುಂತಾದವುಗಳ ಸರಳವಾದ ಚಿತ್ರ. ಚಕ್ರವರ್ತಿಯ ಮನೆತನದ್ದು ಹದಿನಾರು ದಳಗಳ ಸೇವಂತಿಗೆ. ಮಿತ್ಸುಬಿಷಿ ಸಂಸ್ಥೆಯ ಮೂರು ವಜ್ರಾಕೃತಿಗಳು ಕೂಡ ಅದರ ಸ್ಥಾಪಕನಾದ ಇವಾಸಾಕಿಯ ಮನೆತನದ ಮುದ್ರೆಯೂ ಅವನ ಒಡೆಯರಾದ ಯಾಮಾನೌಚಿ ವಂಶದ ಮೂರು ಎಲೆಗಳ ಮುದ್ರೆಯೂ ಕೂಡಿ ಆದುದು. ನಮ್ಮಲ್ಲಿ ಚಾಲುಕ್ಯರಿಗೆ ವರಾಹ, ಮೈಸೂರಿಗೆ ಗಂಡಭೇರುಂಡ, ತಿರುವಾಂಕೂರಿಗೆ ಶಂಖ ಎಂದು ಅರಸರಿಗಷ್ಟೇ ಇದ್ದ ಭಾಗ್ಯವು ಅಲ್ಲಿ ಸಾಮಾನ್ಯ ವರ್ತಕನಿಗೂ ದೊರಕಿತ್ತು.

ಆದರೆ ಲಾಂಛನವೊಂದರಿಂದಲೇ ಮನೆ ದೊರೆಯದು. ಸಂಬಂಧವೇ ಇಲ್ಲದ ನೂರಾರು ಮನೆಗಳು ಒಂದೇ ಚಿಹ್ನೆಯನ್ನು ಧರಿಸುವುದುಂಟು. ಜನಸಾಮಾನ್ಯರೆಲ್ಲರೂ ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕೆಂಬ ಆಜ್ಞೆ ಹೊರಟದ್ದೇ ೧೮೭೫ರಲ್ಲಿ. ಆದುದರಿಂದ ಅಡ್ಡಹೆಸರನ್ನು ಮಾತ್ರ ಹಿಡಿದು ಲಾಂಛನವನ್ನು ಆರಿಸಿಕೊಳ್ಳುವುದು ಶೆಟ್ಟರೆಲ್ಲ ಒಂದೇ ಮನೆಯವರೆಂದಂತೆ. ತಿಳಿದವರು ಮೊದಲು ಪೂರ್ವಜನ ಗ್ರಾಮವನ್ನು ಪತ್ತೆಮಾಡಿ, ಅಲ್ಲಿಯ ಕಚೇರಿಯ ಕುಟುಂಬ ನೋಂದಣಿಯ ನಕಲು ಪಡೆದು, ಬಳಿಕ ದೇವಾಲಯದ ಮರಣಪಟ್ಟಿಯನ್ನು ನೋಡಿ, ಕೊನೆಗೆ ಸಮಾಧಿಕಲ್ಲಿನ ಮೇಲೆ ಕೆತ್ತಿದ ಗುರುತನ್ನು ಕಾಣುವರು. ನೋಂದಣಿ ಆರಂಭವಾದುದು ೧೮೭೨ರಲ್ಲಿ. ಆ ಮೊದಲ ಪುಸ್ತಕಗಳಲ್ಲಿ ಕೆಲವರನ್ನು ಹಿಂದಿನ ಹೊಲೆಗೇರಿಯವರೆಂದು ಗುರುತಿಸಿದ್ದುದರಿಂದ ೧೯೬೮ರಲ್ಲಿ ಅವುಗಳನ್ನು ಮುಚ್ಚಿಬಿಟ್ಟರು. ಸರಿಯಾದ ಕೆಲಸವನ್ನೇ ಮಾಡಿದರೆಂದು ನಾವು ತಿಳಿಯುತ್ತೇವೆ. ಕುಲಮೂಲವನ್ನು ಕೆದಕುವವರೆಲ್ಲರ ಉದ್ದೇಶವೂ ಶುದ್ಧವಾಗಿರುವುದಿಲ್ಲ.

ನಮ್ಮ ನಾಡಿನಲ್ಲಿ ಇಂಥ ಪುಸ್ತಕದ ಕೆಲಸವನ್ನು ಮನುಷ್ಯರೇ ಮಾಡಿದರು. ಉತ್ತರ ಹಾಗೂ ಮಧ್ಯ ಕರ್ನಾಟಕದ ವಾಚಕರಿಗೆ ಹೆಳವರ ನೆನಪು ಇದ್ದೀತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬಾಗಿಲಿಗೆ ಬರುವವರು. ಇಂತಿಂಥ ಊರು, ಇಂತಿಂಥ ಮನೆ ಇವರಿಗೆ ಎಂಬುದು ಅವರಲ್ಲಿ ವಂಶಪಾರಂಪರ್ಯವಾದ ಹಂಚಿಕೆ. ಮನೆಯ ಮೂಲಪುರುಷನಿಂದ ತೊಡಗಿ, ಯಾವ ಊರಿನಿಂದ ಬಂದವರು, ಕುಲದೇವರು ಯಾರು, ಬೆಡಗು ಯಾವುದು ಎಂದು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುವರು. ಜಪಾನಿನ ಲಾಂಛನಕ್ಕೆ ನಮ್ಮಲ್ಲಿ ಸಮೀಪವಾದುದು ಈ ಬೆಡಗೇ ಸರಿ. ಕುರುಬರಲ್ಲಿ ಆನೆ, ಅರಿಸಿನ, ಬೆಳ್ಳಿ, ಜೀರಿಗೆ ಎಂಬ ಬೆಡಗುಗಳಿವೆ. ಬಟ್ಟೆಯ ಮೇಲೆ ಬರೆಯದಿದ್ದರೂ ಮನಸ್ಸಿನಲ್ಲಿ ಮುದ್ರೆಯೊತ್ತಿದ ಚಿತ್ರಗಳು! ಕರಾವಳಿಗೆ ಮಾತ್ರ ಹೆಳವರ ಸಂಚಾರವಿಲ್ಲ. ಅಲ್ಲಿ ಮೂಲವನ್ನು ಕಾಯುವುದು ತರವಾಡಿನ ಮನೆ, ನಾಗಬನ, ಮತ್ತು ಮುದುಕಿಯರು.

ತಿರುವನಂತಪುರದಲ್ಲಿಯೇ ಇದಕ್ಕೆ ಒಂದು ನಿದರ್ಶನವಿದೆ. ತುಳುನಾಡಿನಿಂದ ದೇವರ ಪೂಜೆಗೆಂದು ಬಂದು ನೆಲಸಿದ ಪೋತ್ತಿಗಳು ಎಷ್ಟೋ ತಲೆಮಾರುಗಳಿಂದ ಮಲಯಾಳವನ್ನೇ ಆಡುವವರಾದರೂ ಮಠವೆಂಬ ಮನೆಹೆಸರನ್ನು ಬಿಟ್ಟಿಲ್ಲ. ಶ್ರೀ ಪದ್ಮನಾಭಸ್ವಾಮಿ ದೇವಾಲಯದ ನಂಬಿಗಳನ್ನು ಅಕ್ಕರೆದೇಶಿ, ಇಕ್ಕರೆದೇಶಿ ಕುಟುಂಬಗಳಿಂದ ಆರಿಸುವುದು ಸಂಪ್ರದಾಯ. ದೂರದ ಕಾಸರಗೋಡಿನ ಹೊಳೆಯ ಆ ದಡ, ಈ ದಡಗಳೇ ಅವರಿಗೆ ಗುರುತಾಗಿ ಉಳಿದುವು.

ನಮ್ಮ ಮಿತ್ರರ ವಿಷಯಕ್ಕೆ ಬರೋಣ. ತೀರಿಹೋದ ಪತ್ನಿಯ ದೊಡ್ಡಮ್ಮನೊಬ್ಬರು ಊರಿನಲ್ಲಿ ಇನ್ನೂ ಜೀವಿಸಿದ್ದಾರೆಂದು ತಿಳಿದು, ಹನ್ನೆರಡು ವರ್ಷ ಕ್ಷೇಮಸಮಾಚಾರವನ್ನೇ ಕೇಳದ ನಾಚಿಕೆಯಿಂದ ತಾವು ಮಾತನಾಡಲಾರದೆ ಮಗಳ ಕೈಗೆ ದೂರವಾಣಿ ಕೊಟ್ಟರು. ಮುದುಕಿ ಒಂದು ಕ್ಷಣವೂ ಯೋಚಿಸಲಿಲ್ಲ. “ಅಷ್ಟೂ ಗೊತ್ತಿಲ್ಯಾ ಮಗಾ?” ಎಂದು ಬಳಿಯ ಹೆಸರನ್ನು ಹೇಳಿದರು, ತರವಾಡಿನ ಮನೆಯನ್ನು, ನಾಗಬನಕ್ಕೆ ಹೋಗುವ ಗದ್ದೆಯಂಚಿನ ದಾರಿಯನ್ನು ಹೇಳಿದರು, ಹುಡುಗಿಯ ಅಜ್ಜಿಯ ತಾಯಿಯ ಹೆಸರನ್ನೂ ಹೇಳಿದರು. ಆ ಹೆಸರನ್ನು ತಂದೆಮಕ್ಕಳು ಕೇಳಿದ್ದು ಅದೇ ಮೊದಲು.

ವರನ ಬಳಿ ಬೇರೆಯೇ ಆಗಿತ್ತು; ಮಾತು ಕೂಡಿ ಬಂದಿತು. ಹುಡುಗಿಯು ದೊಡ್ಡಮ್ಮ ಹೇಳಿದುದನ್ನೆಲ್ಲ ಹೋಟೆಲಿನ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆದಿಟ್ಟಿದ್ದಾಳೆ. ಎರಡು ಹೆಸರುಗಳು ಸರಿಯಾಗಿ ಕೇಳಿಸದೆ ಸ್ಥಳ ಖಾಲಿ ಬಿಟ್ಟಿದೆ. ನಾಗನಿಗೆ ತನು ಎರೆಯಲು ಮುಂದಿನ ತಿಂಗಳು ಊರಿಗೆ ಹೋಗುವಾಗ ಆ ಪುಸ್ತಕವನ್ನೂ ಒಯ್ಯುವಳಂತೆ.